ಆ ಗಡಿಯಾರದೊಳಗಿನ ಆಕಾಶ ಯಾರದು?

2014ರ ನವೆಂಬರ್ 11ರಂದು ಜಿನೀವಾದಲ್ಲಿ ಸದಬೀಸ್ ಸಂಸ್ಥೆ ಒಂದು ಜೇಬುಗಡಿಯಾರವನ್ನು ಹರಾಜಿಗಿಟ್ಟಿತು. ಅದು 2 ಕೋಟಿ 32 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಹೆಸರಿಗೆ ಜೇಬುಗಡಿಯಾರ, ತೂಕ ಮಾತ್ರ ಅರ್ಧ ಕಿಲೋಗಿಂತ ಜಾಸ್ತಿ. ಅಂಗಿ ಜೇಬಲ್ಲಿ ಇಟ್ಟುಕೊಂಡರೆ ಅಂಗಿಯೇ ಒಂದು ಕಡೆ ಜಗ್ಗಿ ಹೋದೀತು. ಇದನ್ನು ಕರೆಯೋದು ‘ಹೆನ್ರಿ ಗ್ರೇವ್ಸ್ ಸೂಪರ್‌ಕಾಂಪ್ಲಿಕೇಶನ್’ ಅಂತ. ಮಾಡಿದ್ದು ಪಾಟೆಕ್ ಫಿಲಿಪ್ ಕಂಪನಿ, ಮಾಡಿಸಿದ್ದು ನ್ಯೂಯಾರ್ಕಿನ ಬ್ಯಾಂಕರ್ ಹೆನ್ರಿ ಗ್ರೇವ್ಸ್ ಜೂನಿಯರ್. 1925ರಲ್ಲಿ ಆರ್ಡರ್ ಕೊಟ್ಟಿದ್ದು 1933ರ ಜನವರಿಯಲ್ಲಿ ಆತನ ಕೈ ಸೇರಿತು.

ಈ ಗಡಿಯಾರದ ಬಗ್ಗೆ ಬಂದಿರೋ ಯಾವ ಲೇಖನವನ್ನಾದರೂ ತೆಗೆದು ನೋಡಿ, ಮೂರು ಸಂಖ್ಯೆಗಳು ಸಿಗದೇ ಇರಲ್ಲ. 24 ಕಾಂಪ್ಲಿಕೇಶನ್, 920 ಬಿಡಿಭಾಗ, ಹರಾಜಿನ ಬೆಲೆ. ಈ ಮೂರು ಹೇಳಿಬಿಟ್ಟರೆ ಗಡಿಯಾರವನ್ನು ಹೇಳಿ ಮುಗಿಸಿದ ಹಾಗೆ. ಇಂಥ ಗಡಿಯಾರಗಳನ್ನು ನೋಡೋ ಈ ಕ್ರಮದ ಬಗ್ಗೆಯೇ ನನ್ನ ತಕರಾರು. ಒಂದು ಕಾದಂಬರಿಯನ್ನು ಪುಟ ಎಣಿಸಿ, ಪಾತ್ರ ಎಣಿಸಿ, ಎಷ್ಟು ಪ್ರತಿ ಖರ್ಚಾಯಿತು ಅಂತ ಕೇಳಿ ವಿಮರ್ಶೆ ಬರೆದರೆ ಒಪ್ಪುತ್ತೀವಾ? ಗಡಿಯಾರದ ವಿಷಯದಲ್ಲಿ ನೂರು ವರ್ಷದಿಂದ ಹೀಗೇ ನಡೆದಿದೆ.

ಮೊದಲು ‘ಕಾಂಪ್ಲಿಕೇಶನ್’ ಅಂದರೇನು ನೋಡೋಣ. ಗಂಟೆ, ನಿಮಿಷ, ಸೆಕೆಂಡು ತೋರಿಸೋದು ಗಡಿಯಾರದ ಮಾಮೂಲಿ ಕೆಲಸ. ಅದನ್ನು ಮೀರಿ ಏನು ಮಾಡಿದರೂ ಗಡಿಯಾರದವರ ಭಾಷೆಯಲ್ಲಿ ಅದು ಕಾಂಪ್ಲಿಕೇಶನ್. ತಾರೀಖು ತೋರಿಸಿದರೆ ಒಂದು, ಚಂದ್ರನ ಕಲೆ ತೋರಿಸಿದರೆ ಇನ್ನೊಂದು, ಗುಂಡಿ ಒತ್ತಿದಾಗ ಗಂಟೆ ನಿಮಿಷಗಳನ್ನು ಬಾರಿಸಿ ಹೇಳಿದರೆ ಮತ್ತೊಂದು. ಬಾರಿಸುವುದು, ಕ್ಯಾಲೆಂಡರು, ಸ್ಟಾಪ್‌ವಾಚು ಮೂರೂ ಒಂದೇ ಡಬ್ಬಿಯಲ್ಲಿ ಸೇರಿದರೆ ಸಾಮಾನ್ಯವಾಗಿ ‘ಗ್ರ್ಯಾಂಡ್ ಕಾಂಪ್ಲಿಕೇಶನ್’ ಅನ್ನುತ್ತಾರೆ. ಗ್ರೇವ್ಸ್ ಗಡಿಯಾರದ 24ರಲ್ಲಿ ಸ್ಪ್ರಿಂಗಿನಲ್ಲಿ ಇನ್ನೆಷ್ಟು ಕೀ ಉಳಿದಿದೆ ಅಂತ ಹೇಳುವ ಸೂಚಿಗಳೂ ಲೆಕ್ಕಕ್ಕಿವೆ. ನಡೆಯೋ ಸ್ಪ್ರಿಂಗಿಗೆ ಒಂದು, ಬಾರಿಸೋ ಸ್ಪ್ರಿಂಗಿಗೆ ಇನ್ನೊಂದು. ಅಂದರೆ ನ್ಯೂಯಾರ್ಕಿನ ಇಡೀ ರಾತ್ರಿ ಆಕಾಶವನ್ನು ತಿರುಗಿಸೋ ಬಿಲ್ಲೆಗೂ ಒಂದೇ ಅಂಕ, ಬ್ಯಾಟರಿ ಪರ್ಸೆಂಟೇಜ್ ಥರದ ಸೂಚಿಗೂ ಒಂದೇ ಅಂಕ. ಟೆಂಡರ್ ಡಾಕ್ಯುಮೆಂಟಿನ ಫೀಚರ್ ಲಿಸ್ಟಿಗೆ ಟಿಕ್ ಹಾಕಿ ಗೊತ್ತಿರೋರಿಗೆ ಈ ಆಟ ಹೊಸದೇನಲ್ಲ. ಎರಡು ತಿಂಗಳು ಕೂತು ಬರೆದ ಮಾಡ್ಯೂಲಿಗೂ ಒಂದು ಟಿಕ್ಕು, ‘ಪ್ರಿಂಟ್’ ಬಟನ್ನಿಗೂ ಒಂದು ಟಿಕ್ಕು.

ಎಣಿಸೋ ಭರದಲ್ಲಿ ಕಳೆದುಹೋಗೋದು ಒಳಗಿನ ಬುದ್ಧಿವಂತಿಕೆ. ಒಂದೇ ಉದಾಹರಣೆ ಸಾಕು. ಪರ್ಪೆಚುಯಲ್ ಕ್ಯಾಲೆಂಡರ್ ಅಂತ ಒಂದಿದೆ. ಯಾವ ತಿಂಗಳಿಗೆ 30, ಯಾವುದಕ್ಕೆ 31, ಫೆಬ್ರವರಿಗೆ 28ಓ 29ಓ ಅನ್ನೋದು ಅದಕ್ಕೆ ತಾನಾಗೇ ಗೊತ್ತು. ಹೇಗೆ? ಒಳಗೆ ನಾಲ್ಕು ವರ್ಷಕ್ಕೆ ಒಂದೇ ಸುತ್ತು ತಿರುಗುವ ಒಂದು ಬಿಲ್ಲೆ ಇರುತ್ತೆ. ನಾಲ್ಕು ವರ್ಷಕ್ಕೆ 48 ತಿಂಗಳು. ಚಿಕ್ಕ ತಿಂಗಳು ಬರುವ ಕಡೆಗಳಲ್ಲೆಲ್ಲ ಬಿಲ್ಲೆಯ ಅಂಚಿಗೆ ಕಚ್ಚು ಹಾಕಿರುತ್ತಾರೆ. 30 ದಿನಕ್ಕೆ ಕಡಿಮೆ ಆಳ, ಫೆಬ್ರವರಿಗೆ ಹೆಚ್ಚು ಆಳ, ಅಧಿಕ ವರ್ಷದ ಫೆಬ್ರವರಿಗೆ ಅದಕ್ಕಿಂತ ಚೂರೇ ಚೂರು ಕಡಿಮೆ. ಒಂದು ಲಿವರಿನ ಮೂಗು ಆ ಕಚ್ಚಿಗೆ ಬೀಳುತ್ತೆ. ಎಷ್ಟು ಆಳಕ್ಕೆ ಬಿತ್ತೋ ಅದರ ಮೇಲೆ ತಿಂಗಳ ಕೊನೆಯಲ್ಲಿ ತಾರೀಖು ಎಷ್ಟು ಮನೆ ಹಾರಬೇಕು ಅನ್ನೋದು ತೀರ್ಮಾನ. ನಾವು ಕೋಡಿನಲ್ಲಿ ಲುಕಪ್ ಟೇಬಲ್ ಅಂತೀವಲ್ಲ, ಅದೇ ಇದು, ಲೋಹದಲ್ಲಿ ಕೊರೆದಿದ್ದು. ಗಂಟೆ ಬಾರಿಸುವುದೂ ಹೀಗೇ: ಬಸವನಹುಳುವಿನ ಚಿಪ್ಪಿನಂಥ ಹನ್ನೆರಡು ಮೆಟ್ಟಿಲಿನ ಬಿಲ್ಲೆ, ಮೂಗು ಎಷ್ಟನೇ ಮೆಟ್ಟಿಲಿಗೆ ತಾಗಿತೋ ಅಷ್ಟು ಏಟು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅರದಿಂದ ಉಜ್ಜಿ ಉಜ್ಜಿ ಮಾಡಿದ ಪ್ರೋಗ್ರಾಂ. ಇದನ್ನು ‘1 ಕಾಂಪ್ಲಿಕೇಶನ್’ ಅಂತ ಬರೆದು ಮುಂದಕ್ಕೆ ಹೋಗೋದು ಹೇಗೆ?

ಈಗ ಪ್ರಸಿದ್ಧ ಕತೆಗೆ ಬರೋಣ. ಗ್ರೇವ್ಸ್ ಹೆಸರು ಬಂದಲ್ಲೆಲ್ಲ ಇನ್ನೊಂದು ಹೆಸರೂ ಬರುತ್ತದೆ: ಜೇಮ್ಸ್ ವಾರ್ಡ್ ಪ್ಯಾಕರ್ಡ್. ಪ್ಯಾಕರ್ಡ್ ಕಾರು ಕಟ್ಟಿದವನು, ಓಹಾಯೋದ ವಾರೆನ್ ಅನ್ನೋ ಊರಿನವನು, ಓದಿನಿಂದಲೂ ಕಸುಬಿನಿಂದಲೂ ಎಂಜಿನಿಯರ್. ಇಬ್ಬರ ನಡುವೆ ಜಗತ್ತಿನ ಅತ್ಯಂತ ಸಂಕೀರ್ಣ ಗಡಿಯಾರಕ್ಕಾಗಿ ವರ್ಷಗಟ್ಟಲೆ ಪೈಪೋಟಿ ನಡೆದು ಕೊನೆಗೆ ಗ್ರೇವ್ಸ್ ಗೆದ್ದ, ಇದು ಕತೆ. ಸ್ಟೇಸಿ ಪರ್ಮನ್ 2013ರಲ್ಲಿ ‘ಎ ಗ್ರ್ಯಾಂಡ್ ಕಾಂಪ್ಲಿಕೇಶನ್’ ಅಂತ ಇಡೀ ಪುಸ್ತಕವನ್ನೇ ಬರೆದರು. ಅದರ ಉಪಶೀರ್ಷಿಕೆಯಲ್ಲೇ ‘ರೇಸ್’ ಅನ್ನೋ ಪದ ಕೂತಿದೆ. ಎರಡು ಕುದುರೆ, ಒಂದು ಗೆಲುವಿನ ಗೆರೆ. ಹರಾಜಿನ ಅಂಗಡಿಗೆ ಇದಕ್ಕಿಂತ ಒಳ್ಳೆ ಕತೆ ಬೇಕಾ?

ಆದರೆ ಸುಮ್ಮನೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. 1916ರಲ್ಲಿ ಪ್ಯಾಕರ್ಡ್ ಪಾಟೆಕ್‌ನಿಂದ ಪಡೆದ ಗಡಿಯಾರದಲ್ಲಿ 16 ಕಾಂಪ್ಲಿಕೇಶನ್ ಇದ್ದವು. 1927ರಲ್ಲಿ ಅದೇ ಕಂಪನಿಯಿಂದ ಆತ ತರಿಸಿಕೊಂಡ, ಇವತ್ತು ‘ಪ್ಯಾಕರ್ಡ್’ ಅಂತಲೇ ಹೆಸರಾಗಿರೋ ಗಡಿಯಾರದಲ್ಲಿ ಇದ್ದದ್ದು 10. ಸಂಖ್ಯೆಯ ಓಟದಲ್ಲಿ ಓಡುತ್ತಿರೋ ಮನುಷ್ಯ ಹನ್ನೊಂದು ವರ್ಷ ಬಿಟ್ಟು 16ರಿಂದ 10ಕ್ಕೆ ಇಳಿಯುತ್ತಾನಾ? ಮುಂದಿನ ವರ್ಷ, 1928ರ ಮಾರ್ಚಿನಲ್ಲಿ, ಪ್ಯಾಕರ್ಡ್ ತೀರಿಕೊಂಡ. ಗ್ರೇವ್ಸ್ ಗಡಿಯಾರ ಬಂದಿದ್ದು ಅದಾಗಿ ಸುಮಾರು ಐದು ವರ್ಷಕ್ಕೆ. ಗ್ರೇವ್ಸ್ ಮನಸ್ಸಲ್ಲಿ ಪೈಪೋಟಿ ಇದ್ದಿರಬಹುದು. ಪ್ಯಾಕರ್ಡ್‌ನ ಗಡಿಯಾರಕ್ಕಿಂತ ಹೆಚ್ಚು ಕಾಂಪ್ಲಿಕೇಶನ್ ಇರಬೇಕು ಅಂತ ಆತ ಕೇಳಿದ್ದನಂತೆ, ಒಪ್ಪೋಣ. ಆದರೂ ಇದು ಒಬ್ಬನೇ ಓಡಿ ಒಬ್ಬನೇ ಗೆದ್ದ ಪಂದ್ಯ. ಪಕ್ಕದ ಸಾಲಿನಲ್ಲಿದ್ದವನು ಬೇರೆ ಯಾವುದೋ ಕೆಲಸದ ಮೇಲೆ ನಡೆದು ಹೋಗುತ್ತಿದ್ದ.

ಏನದು ಆ ಕೆಲಸ? ಪ್ಯಾಕರ್ಡ್‌ನ 1927ರ ಗಡಿಯಾರದ ಹಿಂಬದಿ ತೆರೆದರೆ ಕಡುನೀಲಿ ಆಕಾಶ, ಅದರಲ್ಲಿ 500 ಚಿನ್ನದ ನಕ್ಷತ್ರ. ಆ ಆಕಾಶ ವಾರೆನ್ ಊರಿನ ಆಕಾಶ. ಸೂರ್ಯ ಹುಟ್ಟೋ ಮುಳುಗೋ ಹೊತ್ತೂ ವಾರೆನ್ನಿನದ್ದೇ. ಪಂಚಾಂಗ ನೋಡೋ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತೆ. ಸೂರ್ಯೋದಯ ಊರಿಂದ ಊರಿಗೆ ಬೇರೆ, ಮಂಗಳೂರಿನ ಲೆಕ್ಕ ಬಳ್ಳಾರಿಗೆ ಬರಲ್ಲ. ಊರು ಯಾವುದು ಅಂತ ಗೊತ್ತಾದ ಮೇಲೇ ಆ ಬಿಲ್ಲೆಗಳ ಅಂಚನ್ನು ಕತ್ತರಿಸೋಕೆ ಸಾಧ್ಯ. ಸೂರ್ಯನ ನೆರಳಿನ ಗಂಟೆಗೂ ಗೋಡೆ ಗಡಿಯಾರದ ಗಂಟೆಗೂ ವರ್ಷವಿಡೀ ಹೊಂದಿಕೆ ಇರಲ್ಲ, ಹದಿನಾರು ನಿಮಿಷದವರೆಗೂ ವ್ಯತ್ಯಾಸ ಬರುತ್ತೆ. ಆ ವ್ಯತ್ಯಾಸ ತೋರಿಸಲು ವರ್ಷಕ್ಕೊಂದು ಸುತ್ತು ಬರುವ, ಹೆಚ್ಚುಕಡಿಮೆ ಗೋಡಂಬಿ ಆಕಾರದ ಬಿಲ್ಲೆಯೊಂದು ಬೇಕು. ಅದೂ ಇದರಲ್ಲಿದೆ. ಒಟ್ಟಿನಲ್ಲಿ ಈ ಹತ್ತರಲ್ಲಿ ಬಹಳಷ್ಟು ಒಂದಕ್ಕೊಂದು ಸಂಬಂಧ ಇರೋವು: ಒಬ್ಬ ಮನುಷ್ಯ ತನ್ನ ಊರಲ್ಲಿ ನಿಂತು ತಲೆ ಎತ್ತಿದರೆ ಏನು ಕಾಣುತ್ತೆ ಅನ್ನೋ ಒಂದೇ ಪ್ರಶ್ನೆಯ ಉತ್ತರಗಳು. ಪ್ಯಾಕರ್ಡ್‌ಗಾಗಿ ಪಾಟೆಕ್ ಮಾಡಿದ ಇನ್ನೊಂದು ಗಡಿಯಾರ ಆತನ ತಾಯಿಗೆ ಪ್ರಿಯವಾಗಿದ್ದ ರಾಗವನ್ನು ನುಡಿಸುತ್ತಿತ್ತು, ಗೊಡಾರ್‌ನ ‘ಜೋಸ್ಲಿನ್’ ಅಪೆರಾದ ಜೋಗುಳ. ಒಳ್ಳೆ ರಿಕ್ವೈರ್‌ಮೆಂಟ್ ಅಂದರೆ ಹೀಗಿರಬೇಕು. ಪಕ್ಕದ ಮನೆಯವನ ಗಡಿಯಾರಕ್ಕಿಂತ ಜಾಸ್ತಿ ಇರಲಿ ಅನ್ನೋದು ರಿಕ್ವೈರ್‌ಮೆಂಟ್ ಅಲ್ಲ, ಹೊಟ್ಟೆಕಿಚ್ಚು.

ಗ್ರೇವ್ಸ್‌ಗೆ ಅನ್ಯಾಯ ಮಾಡಬಾರದು. ಆತನ ಗಡಿಯಾರದಲ್ಲೂ ಆಕಾಶವಿದೆ, ಫಿಫ್ತ್ ಅವೆನ್ಯೂದ ಮನೆಯಿಂದ ಕಾಣುವ ನ್ಯೂಯಾರ್ಕಿನ ಆಕಾಶ. ನನ್ನ ಪ್ರಕಾರ ಆ 24ರಲ್ಲಿ ಎಲ್ಲಕ್ಕಿಂತ ಸುಂದರವಾದದ್ದು ಅದೇ. ಇನ್ನೂ ಒಂದು ವಿಷಯ. ಜಿನೀವಾ ವೀಕ್ಷಣಾಲಯದ ಸ್ಪರ್ಧೆಯಲ್ಲಿ ನಿಖರತೆಗೆ ಬಹುಮಾನ ಗೆದ್ದ ಪಾಟೆಕ್ ಗಡಿಯಾರಗಳನ್ನೂ ಆತ ಹುಡುಕಿ ಹುಡುಕಿ ಕೊಂಡಿದ್ದ. ನೋಡೋಕೆ ಸಾದಾ, ಆದರೆ ಸಮಯ ಮಾತ್ರ ಕರಾರುವಾಕ್ಕು. ತನ್ನ ಗಡಿಯಾರಗಳ ಮೇಲೆ ಕೆತ್ತಿಸುತ್ತಿದ್ದ ಮನೆತನದ ಲಾಂಛನದ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ ಏನು ಗೊತ್ತಾ? ತೋರಿಕೆಗಿಂತ ಇರುವಿಕೆ ಮೇಲು ಅಂತ. ಆ ಮಾತಿಗೆ ತಕ್ಕ ಗಡಿಯಾರಗಳು ಆತನ ಬಳಿ ಇದ್ದವು. ಆದರೆ ಜಗತ್ತು ನೆನಪಿಟ್ಟಿರೋದು ತೋರಿಕೆಯದ್ದನ್ನೇ. ಅದು ಬಂದಮೇಲೆ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಶ್ರೀಮಂತರ ಮಕ್ಕಳ ಅಪಹರಣದ ಭಯವಿದ್ದ ಆ ಕಾಲದಲ್ಲಿ ಬೇಸತ್ತು, ಸರೋವರದ ಮಧ್ಯೆ ದೋಣಿಯಲ್ಲಿ ಕೂತು ಗಡಿಯಾರವನ್ನು ನೀರಿಗೆ ಎಸೆಯಲು ಹೊರಟಿದ್ದ, ಮಗಳು ತಡೆದಳು ಅಂತ ಒಂದು ಕತೆ ಓಡಾಡುತ್ತದೆ. ನಿಜವೋ ಸುಳ್ಳೋ, ಬೇಕು ಬೇಕು ಅಂತ ಮಾಡಿಸಿಕೊಂಡ ವಸ್ತುವಿನ ಬಗ್ಗೆ ಇಂಥದೊಂದು ಕತೆ ಹುಟ್ಟಿಕೊಂಡಿದ್ದೇ ಸಾಕಷ್ಟು ಹೇಳುತ್ತದೆ.

ಮಾಡಿಸಿದವರ ಕತೆ ಗಡಿಯಾರವನ್ನೇ ನುಂಗಿ ಹಾಕೋದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಪ್ಯಾರಿಸ್ಸಿನ ಬ್ರೆಗೆ ಕಾರ್ಯಾಗಾರದ 160ನೇ ನಂಬರಿನ ಗಡಿಯಾರ. 1783ರಲ್ಲಿ ರಾಣಿ ಮರೀ ಆಂತ್ವಾನೆತ್‌ಗಾಗಿ ಆರ್ಡರ್ ಬಂತು: ಆ ಕಾಲಕ್ಕೆ ಗೊತ್ತಿದ್ದ ಕಾಂಪ್ಲಿಕೇಶನ್ನೆಲ್ಲ ಇರಲಿ, ಸಾಧ್ಯವಿದ್ದ ಕಡೆಯಲ್ಲೆಲ್ಲ ಚಿನ್ನ ಬಳಸಿ, ಖರ್ಚಿಗೆ ಮಿತಿಯಿಲ್ಲ, ಗಡುವೂ ಇಲ್ಲ. ಗಡುವಿಲ್ಲದ ಪ್ರಾಜೆಕ್ಟಿನ ಗತಿ ನಿಮಗೆ ನಾನು ಹೇಳಬೇಕಿಲ್ಲ. 1793ರಲ್ಲಿ ರಾಣಿಯ ತಲೆ ಹೋಯಿತು. 1823ರಲ್ಲಿ ಬ್ರೆಗೆ ತೀರಿಕೊಂಡ. ಗಡಿಯಾರ ಮುಗಿದಿದ್ದು 1827ರಲ್ಲಿ, 44 ವರ್ಷದ ಮೇಲೆ. ಆದರೂ ಎಲ್ಲರೂ ಕರೆಯೋದು ‘ಮರೀ ಆಂತ್ವಾನೆತ್’ ಅಂತಲೇ. ಯಾರು ಅದನ್ನು ಕಣ್ಣಿಂದ ನೋಡಲೇ ಇಲ್ಲವೋ ಆಕೆಯ ಹೆಸರು!

ಈ ಗಡಿಯಾರ 1917ರಲ್ಲಿ ಸೇರಿದ್ದು ಇಂಗ್ಲೆಂಡಿನ ಸರ್ ಡೇವಿಡ್ ಸಾಲೊಮನ್ಸ್ ಕೈಗೆ. ಸಂಗ್ರಹಕಾರ ಅಂದರೆ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಈತನನ್ನು. ವಿದ್ಯುತ್ತು, ಮೋಟಾರು ವಾಹನ, ಯಂತ್ರಗಳ ಹುಚ್ಚು ಇದ್ದ ಮನುಷ್ಯ. ಬ್ರೆಗೆ ಗಡಿಯಾರಗಳನ್ನು ಕೊಂಡು ಬೀರುವಿನಲ್ಲಿ ಇಡಲಿಲ್ಲ. ಅಧ್ಯಯನ ಮಾಡಿ 1921ರಲ್ಲಿ ಬ್ರೆಗೆ ಬಗ್ಗೆ ಪುಸ್ತಕ ಬರೆದ. ಆತನ ಮಗಳು ವೇರಾ ಆ ಸಂಗ್ರಹವನ್ನು ಹರಾಜಿಗೆ ಒಯ್ಯದೆ ಜೆರೂಸಲೇಮಿನಲ್ಲಿ ತಾನೇ ಕಟ್ಟಿಸಿದ ವಸ್ತುಸಂಗ್ರಹಾಲಯಕ್ಕೆ ಕೊಟ್ಟಳು. 1983ರ ಏಪ್ರಿಲ್‌ನಲ್ಲಿ ನಾಮಾನ್ ಡಿಲ್ಲರ್ ಅನ್ನೋ ಕಳ್ಳ ಅಲ್ಲಿಂದ ನೂರಕ್ಕೂ ಹೆಚ್ಚು ಗಡಿಯಾರ ಕದ್ದ, 160ನೇ ನಂಬರೂ ಹೋಯಿತು. ಅದು ವಾಪಸ್ ಸಂಗ್ರಹಾಲಯದ ಕೈಗೆ ಬಂದಿದ್ದು 2006ರಲ್ಲಿ, ಕಳ್ಳನೇ ಸತ್ತ ಮೇಲೆ.

ಈ ಮಧ್ಯೆ ಇನ್ನೊಂದು ಕೆಲಸ ನಡೆಯಿತು. ಮೂಲ ಗಡಿಯಾರ ಎಲ್ಲಿದೆ ಅಂತ ಲೋಕಕ್ಕೆ ಗೊತ್ತಿಲ್ಲದ ಹೊತ್ತಿನಲ್ಲೇ ಬ್ರೆಗೆ ಕಂಪನಿ ಹಳೆಯ ದಾಖಲೆ, ಚಿತ್ರ, ನಕ್ಷೆಗಳನ್ನು ಹಿಡಿದುಕೊಂಡು ಅಂಥದ್ದೇ ಇನ್ನೊಂದನ್ನು ಕಟ್ಟಿ 2008ರಲ್ಲಿ ಹೊರತಂದಿತು. ಡಾಕ್ಯುಮೆಂಟೇಶನ್ ಅಂದರೆ ಮೂಗು ಮುರಿಯೋ ನಮ್ಮ ಜನ ಇದನ್ನು ಗಮನಿಸಬೇಕು. ರಾಣಿ, ಕ್ರಾಂತಿ, ಕಳ್ಳ ಅಂತ ನೂರು ಕತೆ ಬರೆದಿದ್ದಾರೆ. ಬರೆದಿಟ್ಟ ಜ್ಞಾನವೊಂದೇ ಕಳುವಾಗದೆ ಉಳಿದಿದ್ದು ಯಾರಿಗೂ ದೊಡ್ಡ ಕತೆ ಅನ್ನಿಸಿದ ಹಾಗಿಲ್ಲ.

ಹಾಗಾದರೆ ಇವನ್ನೆಲ್ಲ ಮಾಡಿದ ಕೈಗಳು ಯಾರವು? ಸ್ವಿಟ್ಜರ್‌ಲ್ಯಾಂಡಿನಲ್ಲಿ ಜೂ ಕಣಿವೆ ಅಂತ ಇದೆ. ಎತ್ತರದ ಹಳ್ಳಿಗಾಡು, ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತಿತ್ತು. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ರೈತರು ಕಿಟಕಿ ಬೆಳಕಿಗೆ ಮೇಜು ಹಾಕಿಕೊಂಡು ಗಡಿಯಾರದ ಬಿಡಿಭಾಗ ಮಾಡುತ್ತಿದ್ದರು. ಒಂದು ಮನೆಯಲ್ಲಿ ಚಕ್ರ, ಇನ್ನೊಂದರಲ್ಲಿ ಸ್ಕ್ರೂ, ಮತ್ತೊಂದರಲ್ಲಿ ಬಾರಿಸೋ ಯಂತ್ರ. ಮುಂದೆ ಅದೇ ಪೂರ್ಣಾವಧಿ ಕಸುಬಾಗಿ ಜಿನೀವಾದ ದೊಡ್ಡ ಹೆಸರುಗಳಿಗೆ ಒಳಗಿನ ಯಂತ್ರ ಹೋಗುತ್ತಿದ್ದದ್ದು ಇಲ್ಲಿಂದ. ಗ್ರೇವ್ಸ್ ಗಡಿಯಾರದ ಕಷ್ಟದ ಕೆಲಸಕ್ಕೂ ಈ ಕಣಿವೆಯ ನುರಿತವರೇ ಬೇಕಾದರು. ಸುಗ್ಗಿ ಮುಗಿದ ಮೇಲೆ ಬುಟ್ಟಿ ಹೆಣೆಯೋ, ಹಗ್ಗ ಹೊಸೆಯೋ ಕೈಗಳನ್ನು ನೋಡುತ್ತ ಬೆಳೆದ ನನಗೆ ಆ ಕಿಟಕಿ ಮೇಜು ಅಪರಿಚಿತ ಅನ್ನಿಸಲ್ಲ. ನಮ್ಮ ಕಸುಬಿನಲ್ಲಿ ‘ಗಿಟ್ ಬ್ಲೇಮ್’ ಅಂತ ಒಂದು ಕಮಾಂಡ್ ಇದೆ. ಕೋಡಿನ ಪ್ರತಿ ಸಾಲನ್ನೂ ಯಾರು, ಯಾವತ್ತು ಬರೆದರು ಅಂತ ಹೇಳುತ್ತೆ. ಬೈಯೋಕೆ ಅಂತ ಹೆಸರಿಟ್ಟಿದ್ದರೂ ಅದೊಂದು ಗೌರವ. ಗ್ರೇವ್ಸ್ ಗಡಿಯಾರದ 920 ಭಾಗಗಳ ಮೇಲೆ ಆ ಕಮಾಂಡ್ ಓಡಿಸೋಕೆ ಆಗಿದ್ದರೆ! ಹಳೆ ಗಡಿಯಾರ ರಿಪೇರಿ ಮಾಡಿದವರು ಮುಚ್ಚಳದ ಒಳಗಡೆ ಸೂಜಿ ಮೊನೆಯಲ್ಲಿ ತಮ್ಮ ಗುರುತು, ತಾರೀಖು ಗೀಚಿಡುವ ಪದ್ಧತಿ ಉಂಟು. ಮುಂದೆ ಬಿಚ್ಚುವವನಿಗೆ ಮಾತ್ರ ಕಾಣೋ ಸಹಿ. ಕೋಟಿ ಬೆಲೆಯ ಹೆಸರಿಗಿಂತ ಆ ಗೀಚು ಹೆಚ್ಚು ನಂಬಿಕೆಗೆ ಅರ್ಹ ಅಂತ ನನ್ನ ಅನಿಸಿಕೆ.

ಇದಕ್ಕೆ ಒಂದು ಎದುರು ವಾದ ಇದೆ, ಗಟ್ಟಿಯಾದದ್ದೇ. ಶ್ರೀಮಂತರ ಒಣ ಜಂಬ ಇಲ್ಲದಿದ್ದರೆ ಈ ವಿದ್ಯೆ ಬದುಕುತ್ತಿತ್ತಾ? ಗ್ರೇವ್ಸ್ ಗಡಿಯಾರ ತಯಾರಾಗುತ್ತಿದ್ದಾಗ ಮಹಾ ಆರ್ಥಿಕ ಕುಸಿತ ಬಂತು. 1932ರಲ್ಲಿ ಪಾಟೆಕ್ ಕಂಪನಿಯೇ ಸ್ಟರ್ನ್ ಕುಟುಂಬಕ್ಕೆ ಮಾರಾಟವಾಯಿತು. ಅಂಥ ಕಾಲದಲ್ಲಿ ಗ್ರೇವ್ಸ್ ಕೊಟ್ಟ 60,000 ಸ್ವಿಸ್ ಫ್ರಾಂಕು ಯಾರ ಮನೆಯದೋ ಒಲೆ ಉರಿಸಿದೆ, ಯಾರದೋ ಕೈಚಳಕವನ್ನು ತುಕ್ಕು ಹಿಡಿಯದಂತೆ ಕಾಪಾಡಿದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಾಡಿಸಿದವನಿಗೆ ಕೃತಜ್ಞತೆ ಸಲ್ಲಲಿ. ಆದರೆ ದುಡ್ಡು ಕೊಟ್ಟವನ ಜಂಬವನ್ನೇ ವಸ್ತುವನ್ನು ಅಳೆಯೋ ಕೋಲು ಮಾಡಿಕೊಳ್ಳಬೇಕಾಗಿಲ್ಲ. ದೇವಸ್ಥಾನ ಕಟ್ಟಿಸಿದ ರಾಜನ ಹೆಸರು ಶಾಸನದಲ್ಲಿರುತ್ತೆ. ಶಿಲ್ಪ ನೋಡುವಾಗ ನಾವು ರಾಜನ ಖಜಾನೆ ಎಣಿಸುತ್ತ ಕೂರಲ್ಲ. ನಮ್ಮ ಹೊಯ್ಸಳ ಶಿಲ್ಪಿಗಳಲ್ಲಿ ಎಷ್ಟೋ ಜನ ವಿಗ್ರಹದ ಪೀಠದ ಮೇಲೆ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಜೂ ಕಣಿವೆಯವರಿಗೆ ಆ ಪೀಠ ಸಿಗಲಿಲ್ಲ, ಅಷ್ಟೇ.

ಅಳತೆಕೋಲು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. 1989ರಲ್ಲಿ ಪಾಟೆಕ್ ತನ್ನ 150ನೇ ವರ್ಷಕ್ಕೆ ‘ಕ್ಯಾಲಿಬರ್ 89’ ಮಾಡಿತು. 33 ಕಾಂಪ್ಲಿಕೇಶನ್, 1,728 ಭಾಗ, ತೂಕ ಒಂದು ಕಿಲೋ ದಾಟಿತು. ಅದರಲ್ಲಿ ಒಂದು ಈಸ್ಟರ್ ಹಬ್ಬದ ತಾರೀಖು ತೋರಿಸೋದು. ಈಸ್ಟರ್ ಪ್ರತಿವರ್ಷ ಬೇರೆ ಬೇರೆ ದಿನ ಬರುತ್ತೆ, ಚಂದ್ರನ ಲೆಕ್ಕ ಸೇರಿರೋದರಿಂದ ನಮ್ಮ ಯುಗಾದಿಯ ಹಾಗೆ. ಆ ಲೆಕ್ಕವನ್ನು ಯಂತ್ರದಲ್ಲಿ ಬಿಡಿಸೋದು ಬಹಳ ಕಷ್ಟ. ಹಾಗಾಗಿ ವರ್ಷಕ್ಕೊಂದು ಕಚ್ಚು ಅಂತ ಉತ್ತರಗಳನ್ನೇ ಬಿಲ್ಲೆಗೆ ಕೊರೆದುಬಿಟ್ಟರು, 2017ರವರೆಗೆ. ಅಪ್ಪಟ ಹಾರ್ಡ್‌ಕೋಡಿಂಗ್. 2017 ದಾಟಿತು, ಆ ಕಾಂಪ್ಲಿಕೇಶನ್ನಿನ ವಾಯಿದೆಯೂ ತೀರಿತು. ಲಿಸ್ಟಿನಲ್ಲಿ ಮಾತ್ರ ಇವತ್ತಿಗೂ 33 ಅಂತಲೇ ಇದೆ. ಅದೇ ಗಡಿಯಾರದಲ್ಲಿ ನಾಲ್ಕುನೂರು ವರ್ಷದ ಅಧಿಕವರ್ಷ ನಿಯಮವನ್ನು ಸರಿಯಾಗಿ ಪಾಲಿಸೋ ಕ್ಯಾಲೆಂಡರ್ ಕೂಡ ಇದೆ. 2100 ಅಧಿಕ ವರ್ಷ ಅಲ್ಲ ಅನ್ನೋದು ಅದಕ್ಕೆ ಗೊತ್ತು. ಒಂದು ನಿಜವಾದ ಪರಿಹಾರ, ಇನ್ನೊಂದು ಡೆಮೊಗೆ ಅಂತ ಮಾಡಿದ್ದು. ಎಣಿಕೆಯಲ್ಲಿ ಎರಡೂ ಸಮ.

2015ರಲ್ಲಿ ವಾಶೆರಾನ್ ಕಾನ್‌ಸ್ಟಾಂಟಿನ್ 57 ಕಾಂಪ್ಲಿಕೇಶನ್ನಿನ ಗಡಿಯಾರ ಮಾಡಿತು. 2024ರಲ್ಲಿ ಅದೇ ಕಂಪನಿ, ಅದೇ ಗಿರಾಕಿ ವಿಲಿಯಂ ಬರ್ಕ್ಲಿಗೆ, 63 ಕಾಂಪ್ಲಿಕೇಶನ್, 2,877 ಭಾಗದ ಇನ್ನೊಂದನ್ನು ಕೊಟ್ಟಿತು. ಇವುಗಳ ಹಿಂದೆ ಮೂವರು ಕುಶಲಕರ್ಮಿಗಳಿದ್ದಾರೆ, ಅವರಲ್ಲಿ ಇಬ್ಬರು ಅಣ್ಣತಮ್ಮಂದಿರು. ಸಂತೋಷದ ವಿಷಯ ಅಂದರೆ ಕಂಪನಿಯೇ ಅವರ ಹೆಸರು ಹೇಳಿತು: ಜ್ಯಾನ್-ಲುಕ್ ಪೆರಾಂ, ಮಿಕೆ ಪಿಂಟಸ್, ಯಾನಿಕ್ ಪಿಂಟಸ್. ಆದರೆ ಸುದ್ದಿಯ ತಲೆಬರಹದಲ್ಲಿ ಬಂದಿದ್ದು 63. ಚೀನೀ ಪಂಚಾಂಗದ ಅಧಿಕ ಮಾಸವನ್ನು ಹಲ್ಲಿನ ಚಕ್ರಗಳಲ್ಲಿ ಹಿಡಿದಿಟ್ಟಿದ್ದಾರೆ ಅನ್ನೋ ಅದ್ಭುತ ಒಳಪುಟಕ್ಕೆ ಹೋಯಿತು.

ಗ್ರೇವ್ಸ್ ಗಡಿಯಾರಕ್ಕೆ ಮತ್ತೆ ಬರುತ್ತೇನೆ. 1969ರಲ್ಲಿ ಅದು ಎರಡು ಲಕ್ಷ ಡಾಲರಿಗೆ ಸೆತ್ ಆಟ್‌ವುಡ್ ಎಂಬಾತನ ಪಾಲಾಗಿ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿದ್ದ ಟೈಮ್ ಮ್ಯೂಸಿಯಂ ಸೇರಿತು. 1999ರಲ್ಲಿ 1 ಕೋಟಿ 10 ಲಕ್ಷ ಡಾಲರಿಗೆ ಹರಾಜಾಯಿತು, ಕತಾರಿನ ಶೇಖ್ ಸೌದ್ ಅಲ್-ಥಾನಿ ಅದರ ಒಡೆಯನಾಗಿದ್ದ. 2014ರ ಹರಾಜಿಗೆ ಸರಿಯಾಗಿ ಎರಡು ದಿನ ಮೊದಲು ಆತ ತೀರಿಕೊಂಡ. ಇಷ್ಟು ಕೈ ಬದಲಾದರೂ ಗಡಿಯಾರದ ಹಿಂಬದಿಯ ಆಕಾಶ ಬದಲಾಗಲಿಲ್ಲ. ರಾಕ್‌ಫರ್ಡ್‌ನಲ್ಲಿ ಅದು ತೋರಿಸೋ ಸೂರ್ಯಾಸ್ತ ತಪ್ಪು. ದೋಹಾದಲ್ಲಿ ನಕ್ಷತ್ರಗಳೇ ತಪ್ಪು. ನ್ಯೂಯಾರ್ಕಿನ ಅಕ್ಷಾಂಶಕ್ಕೆ ಕೊರೆದ ಬಿಲ್ಲೆಯನ್ನು ಯಾವ ಬೆಲೆಯೂ ಬೇರೆ ಊರಿಗೆ ಹೊಂದಿಸಲಾರದು.

ಆದ್ದರಿಂದ ಇನ್ನು ಮುಂದೆ ಇಂಥ ಗಡಿಯಾರದ ಸುದ್ದಿ ಕಂಡಾಗ ಎಷ್ಟು ಕಾಂಪ್ಲಿಕೇಶನ್, ಎಷ್ಟು ಕೋಟಿ ಅನ್ನೋದನ್ನು ಆಮೇಲೆ ಓದಿ. ಮೊದಲು ಎರಡು ಪ್ರಶ್ನೆ ಕೇಳಿ: ಇದು ಯಾವ ಊರಿನ ಆಕಾಶವನ್ನು ತೋರಿಸುತ್ತೆ? ಆ ಬಿಲ್ಲೆಗೆ ಅರ ಹಾಕಿದವರು ಯಾರು? ಇವಕ್ಕೆ ಉತ್ತರ ಕೊಡೋ ಲೇಖನ ಸಿಕ್ಕರೆ ನನಗೂ ಕಳಿಸಿ.